ಸುತ್ತುವರಿದ ಊರಿನಲ್ಲಿ ಸರೌಂಡ್ ಸೌಂಡ್

ನಾವು ನೆವಾರ್ಕಿನಲ್ಲಿದ್ದೇವೆ ಎಂದರೆ ಊರಿನ ಬಂಧುಗಳೆಲ್ಲ "ಓಹೋ, ನ್ಯೂಜೆರ್ಸಿಯೇ?" ಎಂದು ಕೇಳುತ್ತಾರೆ. ಅಲ್ಲ ಸ್ವಾಮಿ, ಇದು ಕ್ಯಾಲಿಫೋರ್ನಿಯಾದ ನೆವಾರ್ಕ್. ಡಂಬಾರ್ಟನ್ ಸೇತುವೆಯ ಈಚೆ ದಡದಲ್ಲಿ, ಉಪ್ಪಿನ ಪಾತಿಗಳ ಪಕ್ಕದಲ್ಲಿರುವ ಪುಟ್ಟ ಊರು. 1956ರಲ್ಲಿ ಸೆಂಟರ್‌ವಿಲ್, ನೈಲ್ಸ್, ಅರ್ವಿಂಗ್ಟನ್, ಮಿಷನ್ ಸ್ಯಾನ್ ಹೋಸೆ, ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಊರುಗಳು ಕೂಡಿ ಫ್ರೀಮಾಂಟ್ ನಗರವಾದವು. ಅದರ ಹಿಂದಿನ ವರ್ಷವೇ ಸ್ವಂತ ನಗರಸಭೆ ಮಾಡಿಕೊಂಡಿದ್ದ ನಮ್ಮ ನೆವಾರ್ಕ್ ಮಾತ್ರ ಆ ಗುಂಪಿಗೆ ಸೇರದೆ ಬೇರೆಯಾಗಿ ಉಳಿಯಿತು. ಹೀಗಾಗಿ ಇಂದಿಗೂ ನಮ್ಮ ಸುತ್ತ ಎಲ್ಲ ದಿಕ್ಕಿಗೂ ಫ್ರೀಮಾಂಟೇ. ಸುತ್ತ ಐದು ಊರು, ನಡುವೆ ಒಂದು ಪುಟ್ಟದು. 5.1 ಸರೌಂಡ್ ಎಂದರೇನೆಂದು ನೆವಾರ್ಕಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ!

ತಮಾಷೆ ಇರಲಿ. ಕಳೆದ ವರ್ಷ ನಮ್ಮ ಮನೆಯಲ್ಲಿ ಹೋಮ್ ಥಿಯೇಟರ್ ಕೂರಿಸಿದೆವು. ಕೂಟದ ಕಾರ್ಯಕ್ರಮಗಳಲ್ಲಿ ಸಿಕ್ಕವರು "ಯಾವುದು ಕೊಂಡಿರಿ, ಎಷ್ಟಾಯಿತು, ನೆಲ ನಡುಗುತ್ತದೆಯೇ" ಎಂದು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಬರೆದುಬಿಡೋಣ ಎನಿಸಿತು. ಆದರೆ ನೆಲ ನಡುಗಿಸುವುದಕ್ಕಾಗಿ ನಾವು ಇದನ್ನು ಕೊಳ್ಳಲಿಲ್ಲ. ಕೊಂಡದ್ದು ಅಮ್ಮನಿಗಾಗಿ.

ನಮ್ಮಿಬ್ಬರಲ್ಲಿ ಯಾರ ಅಮ್ಮ ಎಂದು ಕೇಳಬೇಡಿ. ಮದುವೆಯಾಗಿ ಇಪ್ಪತ್ತೈದು ವರ್ಷ ದಾಟಿದ ಮೇಲೆ ಆ ವ್ಯತ್ಯಾಸ ಉಳಿಯುವುದಿಲ್ಲ. ಅಮ್ಮನಿಗೆ ಎಂಬತ್ತೊಂದು ವರ್ಷ. ತಿಪಟೂರಿನ ಮನೆ, ತೆಂಗಿನ ತೋಟ ಎಲ್ಲ ಬಿಟ್ಟು ನಮ್ಮೊಂದಿಗೆ ಇರಲು ಬಂದು ನಾಲ್ಕು ವರ್ಷವಾಯಿತು. ಶನಿವಾರ ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತು ಒಂದು ಕನ್ನಡ ಚಿತ್ರ ನೋಡುವುದು ನಮ್ಮ ಮನೆಯ ಪದ್ಧತಿ. ಮಕ್ಕಳಿಬ್ಬರ ಕನ್ನಡ ಅಷ್ಟೋ ಇಷ್ಟೋ ಉಳಿದಿರುವುದು ಆ ಎರಡೂವರೆ ಗಂಟೆಯ ಕೃಪೆಯಿಂದ. ಅರ್ಥವಾಗದ ಮಾತು ಬಂದರೆ ಮಕ್ಕಳು ಅಜ್ಜಿಯನ್ನು ಕೇಳಬೇಕು, ಅಜ್ಜಿ ಬಿಡಿಸಿ ಹೇಳಬೇಕು. ಒಂದು ಗಾದೆಗೆ ಮೂರು ಗಾದೆ ಸೇರಿಸಿ ಹೇಳುವುದು ಅಮ್ಮನ ಸ್ವಭಾವ.

ಕಳೆದ ಎರಡು ವರ್ಷಗಳಲ್ಲಿ ಇದು ತಿರುಗುಮುರುಗಾಯಿತು. "ಏನಂದ ಅವನು?" ಎಂದು ಅಮ್ಮನೇ ಮಕ್ಕಳನ್ನು ಕೇಳತೊಡಗಿದರು. ನಾವು ಸದ್ದು ಹೆಚ್ಚಿಸುವುದು, ಹಾಡು ಬಂದಾಗ ಮಗಳು ಕಿವಿ ಮುಚ್ಚಿಕೊಂಡು ತಗ್ಗಿಸುವುದು, ಮತ್ತೆ ಮಾತು ಬಂದಾಗ ಹೆಚ್ಚಿಸುವುದು. ರಿಮೋಟು ಕೈಯಿಂದ ಕೈಗೆ ಹರಿದಾಡುವುದೇ ಒಂದು ಸಿನಿಮಾ. ನಗೆಯ ಸನ್ನಿವೇಶಗಳಲ್ಲಿ ಅಮ್ಮ ನಮ್ಮ ಮುಖ ನೋಡಿ, ನಾವು ನಕ್ಕ ಮೇಲೆ ನಗುತ್ತಿದ್ದರು. ಅದನ್ನು ಮೊದಲು ಗಮನಿಸಿದವಳು ಮಗಳು. ಆಮೇಲಾಮೇಲೆ "ನಿದ್ದೆ ಬರ್ತಿದೆ, ನೀವು ನೋಡಿ" ಎಂದು ಎಂಟೂವರೆಗೇ ಎದ್ದು ಹೋಗತೊಡಗಿದರು. ಕೋಣೆಯಲ್ಲಿ ದೀಪ ಮಾತ್ರ ಹತ್ತೂವರೆಯವರೆಗೆ ಉರಿಯುತ್ತಿತ್ತು.

ಟಿವಿಯ ಕೆಳಗೆ ಬರುವ ಅಡಿಬರಹ ಓದಿಕೊಳ್ಳಬಹುದಲ್ಲ ಎಂದು ಕೆಲವರು ಹೇಳಿದರು. ನಾವು ನೋಡುವ ಕನ್ನಡ ಚಿತ್ರಗಳಿಗೆ ಇರುವುದು ಇಂಗ್ಲಿಷ್ ಅಡಿಬರಹ. ಅದು ನಮ್ಮ ಮಕ್ಕಳಿಗೆ ಊರುಗೋಲು, ಅಮ್ಮನಿಗೆ ಬರೀ ಗೀಟುಗಳು. ಕನ್ನಡವೇ ಬರುವ ಒಬ್ಬರಿಗೆ ಕನ್ನಡ ಚಿತ್ರದಲ್ಲಿ ಕಿವಿಯೊಂದೇ ಗತಿ ಎಂಬುದು ಎಂಥ ವಿಚಿತ್ರ ನೋಡಿ.

ಕಿವಿಯ ಪರೀಕ್ಷೆ ಮಾಡಿಸಿದೆವು. ಅಮ್ಮ ಅಲ್ಲಿ ಹೇಳಿದ ಒಂದೇ ಮಾತು: "ಸದ್ದು ಕೇಳಿಸುತ್ತೆ ಕಣಮ್ಮಾ, ಮಾತು ಕೇಳಿಸಲ್ಲ." ನಾವು ಅದನ್ನು ತರ್ಜುಮೆ ಮಾಡಿ ಹೇಳಿದಾಗ ಪರೀಕ್ಷೆ ಮಾಡಿದಾಕೆ, ಇದಕ್ಕಿಂತ ಚೆನ್ನಾಗಿ ತಾನೂ ವಿವರಿಸಲಾರೆ ಎಂದಳು. ವಯಸ್ಸಾದಂತೆ ಮೊದಲು ಕುಂದುವುದು ಎತ್ತರದ ಸ್ವರಗಳನ್ನು ಕೇಳುವ ಶಕ್ತಿ. ಅ, ಆ, ಓ ಮುಂತಾದ ಸ್ವರಾಕ್ಷರಗಳ ಬಲವೆಲ್ಲ ಹೆಚ್ಚಾಗಿ 1,000 ಹರ್ಟ್ಸ್‌ಗಿಂತ ಕೆಳಗಿರುತ್ತದೆ. ಸ, ಶ, ತ, ಕ ಮೊದಲಾದ ವ್ಯಂಜನಗಳನ್ನು ಬೇರೆಬೇರೆಯಾಗಿ ಗುರುತಿಸಲು ಬೇಕಾದ ಸೂಕ್ಷ್ಮ ಧ್ವನಿ 2,000 ಹರ್ಟ್ಸ್‌ಗಿಂತ ಮೇಲೆ. ಅಮ್ಮನ ನಕ್ಷೆಯ ಗೆರೆ ಇಳಿಜಾರು ಹಿಡಿಯುವುದು ಸರಿಯಾಗಿ ಅಲ್ಲಿಂದಲೇ. ಹಾಗಾಗಿ ಸದ್ದು ಹೆಚ್ಚಿಸಿದರೆ ಹಿನ್ನೆಲೆಯ ಡೋಲು ಇನ್ನಷ್ಟು ಜೋರಾಗಿ ಬರುತ್ತದೆಯೇ ಹೊರತು ಮಾತು ಬಿಡಿಸಿಕೊಳ್ಳುವುದಿಲ್ಲ.

ಶ್ರವಣ ಯಂತ್ರ ತೆಗೆದುಕೊಂಡೆವು. (2022ರ ಅಕ್ಟೋಬರಿನಿಂದ ಈ ದೇಶದಲ್ಲಿ ಕಡಿಮೆ ಅಥವಾ ಮಧ್ಯಮ ಮಟ್ಟದ ಕಿವುಡುತನವಿರುವ ವಯಸ್ಕರು ಚೀಟಿಯಿಲ್ಲದೆಯೇ ಅಂಗಡಿಯಲ್ಲಿ ಇವನ್ನು ಕೊಳ್ಳಬಹುದು. ಆದರೂ ಮೊದಲು ಪರೀಕ್ಷೆ ಮಾಡಿಸುವುದು ಒಳ್ಳೆಯದು.) ಎದುರೆದುರು ಕೂತು ಮಾತಾಡುವಾಗ ಅದು ನಿಜಕ್ಕೂ ಉಪಕಾರಿ. ಆದರೆ ಹತ್ತು ಹನ್ನೆರಡು ಅಡಿ ದೂರದ ಟಿವಿಯ ಮಾತು, ಗೋಡೆಗೆ ಬಡಿದು ಬರುವ ಅದರ ಮರುದನಿ, ಅಡುಗೆಮನೆಯ ಪಾತ್ರೆ, ಎಲ್ಲವನ್ನೂ ಅದು ಒಟ್ಟಿಗೇ ಎತ್ತಿ ಕಿವಿಗೆ ಸುರಿಯುತ್ತದೆ. ಮೇಲಾಗಿ ಈಗಿನ ಟಿವಿಗಳು ಹಪ್ಪಳದಷ್ಟು ತೆಳು. ಅದರೊಳಗಿನ ಸ್ಪೀಕರುಗಳು ಎಷ್ಟೋ ಟಿವಿಗಳಲ್ಲಿ ನೆಲಕ್ಕೋ ಹಿಂದಿನ ಗೋಡೆಗೋ ಮುಖ ಮಾಡಿರುತ್ತವೆ. ಮಾತು ನಮ್ಮ ಕಡೆಗೆ ನೇರವಾಗಿ ಬರುವುದೇ ಇಲ್ಲ. ಅಲ್ಲಿಂದ ಹೊರಟಿತು ನಮ್ಮ ಸ್ಪೀಕರು ಬೇಟೆ.

ಮಾತು ಕೊನೆಯ ಸಾಲಿನವರೆಗೆ ಮುಟ್ಟಬೇಕೆಂಬ ಚಿಂತೆ ನಮ್ಮ ನಾಡಿಗೆ ಹೊಸದಲ್ಲ. ಅಮ್ಮ ಚಿಕ್ಕಂದಿನಲ್ಲಿ ಕಂಪೆನಿ ನಾಟಕ ನೋಡಿದವರು. ಗುಬ್ಬಿ ಅವರೂರಿಗೆ ಹತ್ತಿರ, ಗುಬ್ಬಿ ವೀರಣ್ಣನವರ ಹೆಸರು ಮನೆಮಾತು. ಮೈಕು ಇಲ್ಲದ ದಿನಗಳಲ್ಲಿ ನಟರು ಡೇರೆಯ ಕೊನೆಯಲ್ಲಿ ಚಾಪೆ ಹಾಸಿ ಕೂತವನಿಗೂ ಒಂದೊಂದು ಅಕ್ಷರ ಕೇಳುವಂತೆ ಹಾಡಬೇಕಿತ್ತು, ಮಾತಾಡಬೇಕಿತ್ತು. ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ವಾದ್ಯವನ್ನು ಏಳು ತಂತಿಯದಾಗಿ ಮಾಡಿಕೊಂಡದ್ದೂ ಮೈಕಿಲ್ಲದ ಸಭೆಗಳಲ್ಲಿ ನಾದ ದೂರಕ್ಕೆ ಮುಟ್ಟಲೆಂದೇ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಹೂಡಿ, ಅದಕ್ಕೆ "ಆಕಾಶವಾಣಿ" ಎಂಬ ಹೆಸರು ಬಳಕೆಗೆ ಬಂದದ್ದು ನಿಮಗೆ ಗೊತ್ತೇ ಇದೆ.

ಇತ್ತ ನಾವು ಬಂದು ನೆಲೆಸಿದ ಈ ಕೊಲ್ಲಿ ಪ್ರದೇಶವೂ ಶಬ್ದಶಾಸ್ತ್ರಕ್ಕೆ ಕಾಶಿಯಿದ್ದಂತೆ. ರೇ ಡಾಲ್ಬಿ 1965ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಸಂಸ್ಥೆ 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿತು. ಮನೆಯ ಟಿವಿಗೆ ಸರೌಂಡ್ ಬಂದದ್ದು 1982ರಲ್ಲಿ. 1987ರ ಪ್ರೊ ಲಾಜಿಕ್ ವಿಧಾನ ಮಾತಿಗೆಂದೇ ನಡುವೆ ಒಂದು ಸ್ಪೀಕರನ್ನು ಕೊಟ್ಟಿತು. 1992ರಲ್ಲಿ ಚಿತ್ರಮಂದಿರಗಳಿಗೆ 5.1 ಡಿಜಿಟಲ್ ಬಂತು. ಥಿಯೇಟರುಗಳ ಧ್ವನಿಗೆ ಟಿಎಚ್ಎಕ್ಸ್ ಎಂಬ ಅಳತೆಗೋಲು ಹುಟ್ಟಿದ್ದೂ 1983ರಲ್ಲಿ, ಗೋಲ್ಡನ್ ಗೇಟ್ ಸೇತುವೆಯಾಚೆಯ ಲೂಕಾಸ್ ಫಿಲಂ ಸಂಸ್ಥೆಯಲ್ಲಿ. ನಮ್ಮ ಮನೆಯಿಂದ ಡಾಲ್ಬಿಯವರ ಕಚೇರಿಗೆ ಸುಮಾರು 35 ಮೈಲಿ. ಸಂಜೆಯ ಟ್ರಾಫಿಕ್ಕಿನಲ್ಲಿ ಮಾತ್ರ ತಿಪಟೂರಿನಿಂದ ಬೆಂಗಳೂರಿಗೆ ಹೋದಂತೆ.

5.1 ಎಂದರೆ ಇಷ್ಟೇ. ಮುಂದೆ ಎಡ, ಬಲ, ನಡು ಎಂದು ಮೂರು ಸ್ಪೀಕರು. ಪಕ್ಕದಲ್ಲಿ ತುಸು ಹಿಂದೆ ಎರಡು. ಚುಕ್ಕಿಯಾದ ಮೇಲಿನ ಒಂದು ಎಂಬುದು ಗುಡುಗು, ನಗಾರಿಗಳಂಥ ತಗ್ಗು ಸದ್ದಿಗೆಂದು ಇರುವ ಸಬ್‌ವೂಫರ್. 7.1.4 ಎಂದರೆ ಇನ್ನೆರಡು ಹಿಂದೆ, ನಾಲ್ಕು ತಲೆಯ ಮೇಲೆ. ಇದು 2012ರಲ್ಲಿ ಬಂದ ಅಟ್ಮಾಸ್ ಪದ್ಧತಿಯಿಂದ ಆದ ಬೆಳವಣಿಗೆ. ಮಗನಿಗೆ 7.1.4 ಬೇಕಿತ್ತು. ನಮ್ಮ ಕೋಣೆಯೋ ಹದಿನೆಂಟು ಅಡಿ ಉದ್ದ, ಹದಿಮೂರು ಅಡಿ ಅಗಲ. ಅದರಲ್ಲಿ ಸೋಫಾ, ದೇವರ ಮಂಟಪ, ಅಮ್ಮನ ಕುರ್ಚಿ, ಮಡಿಸದೆ ಬಿದ್ದಿರುವ ಬಟ್ಟೆಯ ಬುಟ್ಟಿ. ಹನ್ನೆರಡು ಪೆಟ್ಟಿಗೆ ಇಟ್ಟರೆ ನಾವು ಗರಾಜಿನಲ್ಲಿ ಕೂರಬೇಕಾಗುತ್ತದೆ ಎಂದೆವು. ಕೊನೆಗೆ 5.1 ಎಂದು ತೀರ್ಮಾನವಾಯಿತು. ಆದರೆ ಒಂದು ಷರತ್ತು: ಮೊದಲು ಮುಂದಿನ ಮೂರು, ಅದರಲ್ಲೂ ಹೆಚ್ಚು ಹಣ ನಡುವಿನದಕ್ಕೆ. ಉಳಿದವು ದೀಪಾವಳಿಗೆ.

ನಡುವಿನದಕ್ಕೇ ಏಕೆ? ಚಿತ್ರಗಳಲ್ಲಿ ಸಂಭಾಷಣೆಯ ಬಹುಪಾಲು ಬರುವುದು ಅದರಿಂದ. ಇನ್ನೊಂದು ಕಾರಣವೂ ಉಂಟು. ನಮ್ಮ "ಬಂಗಾರದ ಮನುಷ್ಯ" (1972), "ಗುರು ಶಿಷ್ಯರು" (1981) ಮುಂತಾದವು ಒಂದೇ ಜಾಡಿನ ಧ್ವನಿಯ ಚಿತ್ರಗಳು. ಎಡಕ್ಕೂ ಬಲಕ್ಕೂ ಒಂದೇ ಧ್ವನಿ ಬಂದರೆ ರಿಸೀವರಿನ ಡಾಲ್ಬಿ ಸರೌಂಡ್ ವಿಧಾನ ಅದನ್ನು ಗುರುತಿಸಿ ನಡುವಿನ ಸ್ಪೀಕರಿಗೆ ಕಳಿಸುತ್ತದೆ. ಅಂದರೆ ಹಳೆಯ ಕನ್ನಡ ಚಿತ್ರಗಳನ್ನು ಹೆಚ್ಚಾಗಿ ನೋಡುವ ಮನೆಯಲ್ಲಿ ದುಡಿಯುವ ಎತ್ತು ಇದೊಂದೇ; ಉಳಿದವು ಹಬ್ಬಕ್ಕೆ ಬರುವ ನೆಂಟರು.

ಅಂಗಡಿಗೆ ಹೋಗಿ ಕೇಳಿ ನೋಡಿ ಕೊಳ್ಳುವ ಕಾಲ ಹೆಚ್ಚುಕಡಿಮೆ ಮುಗಿದಿದೆ. ಸರ್ಕಿಟ್ ಸಿಟಿ 2009ರಲ್ಲಿ ಬಾಗಿಲು ಹಾಕಿತು. ನಮ್ಮಲ್ಲಿ ಎಷ್ಟೋ ಮಂದಿ ಶನಿವಾರದ ದೇವಸ್ಥಾನವೆಂಬಂತೆ ಸುತ್ತುತ್ತಿದ್ದ ಫ್ರೀಮಾಂಟಿನ ಫ್ರೈಸ್ ಕೂಡ ಇಡೀ ಬಳಗದೊಡನೆ 2021ರ ಫೆಬ್ರವರಿಯಲ್ಲಿ ಮುಚ್ಚಿತು. ಉಳಿದಿರುವ ಒಂದು ಅಂಗಡಿಯಲ್ಲಿ ಹುಡುಗನೊಬ್ಬ ನಮ್ಮನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ಹೆಲಿಕಾಪ್ಟರು ಹಾರಿಸಿದ, ಬಾಂಬು ಸಿಡಿಸಿದ. "ಮಾತಾಡುವ ದೃಶ್ಯ ಇದ್ದರೆ ಹಾಕಪ್ಪ" ಎಂದರೆ ತಬ್ಬಿಬ್ಬಾದ. ನಮ್ಮ ಫೋನಿನಿಂದ "ಗುರು ಶಿಷ್ಯರು" ಹಾಕಿಸಿ, ಅಮ್ಮನನ್ನು ನಡುವಿನ ಆಸನದಲ್ಲಲ್ಲ, ಪಕ್ಕದ ಕುರ್ಚಿಯಲ್ಲಿ ಕೂರಿಸಿ ಒಂದೊಂದೇ ಸ್ಪೀಕರು ಕೇಳಿಸಿದೆವು. ನಮ್ಮ ಪರೀಕ್ಷೆ ಸರಳ: ನಟ ಹೇಳಿದ ಮಾತನ್ನು ಅಮ್ಮ ತಿರುಗಿ ಹೇಳಬೇಕು.

ಆ ಪರೀಕ್ಷೆಯಿಂದ ಎರಡು ಸಂಗತಿ ತಿಳಿದವು. ಮಲಗಿಸಿದ ನಡುವಿನ ಸ್ಪೀಕರುಗಳಲ್ಲಿ ಎಷ್ಟೋ ಮಾದರಿಗಳು ಎರಡು ಕಡೆ ಒಂದೊಂದು ದೊಡ್ಡ ಕೋನು, ಮಧ್ಯೆ ಒಂದು ಟ್ವೀಟರು ಇರುವಂಥವು. ಪಕ್ಕಕ್ಕೆ ಸರಿದು ಕೂತರೆ ಎರಡು ಕೋನುಗಳ ಧ್ವನಿ ಬೇರೆಬೇರೆ ಹೊತ್ತಿಗೆ ಕಿವಿಗೆ ಬಂದು ಒಂದನ್ನೊಂದು ಕೆಲವೆಡೆ ಅಳಿಸಿಹಾಕುತ್ತವೆ, ಮಾತು ಮಸುಕಾಗುತ್ತದೆ. ಟ್ವೀಟರಿನ ಕೆಳಗೇ ಮಧ್ಯಮ ಸ್ವರಕ್ಕೊಂದು ಸಣ್ಣ ಕೋನು ಇರುವ ಮೂರು ದಾರಿಯ ಮಾದರಿಯಲ್ಲಿ ಈ ತೊಂದರೆ ಕಡಿಮೆ. ಹೀಟರಿನ ಪಕ್ಕದ ಕುರ್ಚಿ ಬಿಟ್ಟು ಕದಲದ ಹಿರಿಯರಿರುವ ಮನೆಗೆ ಇದು ಮುಖ್ಯ. ಎರಡನೆಯದು, ವಾಟುಗಳ ಮೋಹ ಬೇಡ. ರಿಸೀವರಿನ ಶಕ್ತಿ ಐವತ್ತು ವಾಟಿನಿಂದ ನೂರಕ್ಕೆ ಏರಿದರೆ ಸಿಗುವುದು ಮೂರೇ ಡೆಸಿಬೆಲ್ ಹೆಚ್ಚು. ಕಿವಿಗೆ ಸದ್ದು ಇಮ್ಮಡಿಯಾದಂತೆ ಅನ್ನಿಸಲು ಸುಮಾರು ಹತ್ತು ಡೆಸಿಬೆಲ್ ಬೇಕು. ನಮ್ಮ ಕೋಣೆಗೆ ಸಾಧಾರಣ ರಿಸೀವರೇ ಧಾರಾಳ. ಎಲ್ಲ ಸೇರಿ ಸಾವಿರದ ಇನ್ನೂರು ಡಾಲರಿನೊಳಗೆ ಮುಗಿಸಬೇಕೆಂದಿದ್ದೆವು. ನೂರಕ್ಕೆ ಹತ್ತು ಡಾಲರಿಗೂ ಮೀರಿದ ಮಾರಾಟ ತೆರಿಗೆ ಬಿಟ್ಟರೆ ಮಾತು ಉಳಿಸಿಕೊಂಡೆವು.

ಇನ್ನು ಕೂರಿಸುವ ಕತೆ. ಬೆಂಕಿಗೂಡಿನ ಮೇಲೆ ಟಿವಿ ನೇತುಹಾಕುವುದು ಇಲ್ಲಿನ ಫ್ಯಾಷನ್ನು. ಅಮ್ಮನ ಕತ್ತಿಗೂ ಮಾತಿನ ಸ್ಪೀಕರಿಗೂ ಅದು ಆಗಿಬರದು. ತಗ್ಗು ಮೇಜಿನ ಮೇಲೆ ಟಿವಿ, ಅದರ ಮುಂದೆ ಮೇಜಿನ ಅಂಚಿಗೆ ಸರಿಯಾಗಿ ನಡುವಿನ ಸ್ಪೀಕರು, ಅದರ ಮುಂಭಾಗದಡಿ ಎರಡು ರಬ್ಬರು ತುಂಡು. ಹೀಗೆ ಮೂತಿ ತುಸು ಮೇಲೆತ್ತಿ ಕೂತವರ ಕಿವಿಗೆ ಗುರಿಯಿಟ್ಟೆವು. ಎಡ ಬಲದವು ಕೂರುವ ಜಾಗದಿಂದ ನೋಡಿದರೆ ಮೂವತ್ತು ಮೂವತ್ತು ಡಿಗ್ರಿ ಆಚೀಚೆ. ಸರೌಂಡ್ ಎರಡು ಸುಮಾರು ನೂರಹತ್ತು ಡಿಗ್ರಿಯಲ್ಲಿ, ಅಂದರೆ ಕಿವಿಗಿಂತ ಸ್ವಲ್ಪ ಹಿಂದೆ, ಸ್ವಲ್ಪ ಮೇಲೆ.

ಬಲಗಡೆಯ ನೂರಹತ್ತು ಡಿಗ್ರಿಯಲ್ಲಿ ಇದ್ದದ್ದು ದೇವರ ಮಂಟಪ! ಮಗ ಲೆಕ್ಕ ತೋರಿಸಿದ. ಅಮ್ಮ "ದೇವರ ಕಿವಿಯ ಪಕ್ಕದಲ್ಲಿ ಹೊಡೆದಾಟದ ಸದ್ದು ಬೇಡ" ಎಂದರು. ಸ್ಪೀಕರೇ ಎರಡಡಿ ಹಿಂದಕ್ಕೆ ಸರಿಯಿತು. ಅದರಿಂದ ನಷ್ಟವೇನೂ ಇಲ್ಲ. ಶಬ್ದ ಸೆಕೆಂಡಿಗೆ ಸುಮಾರು 1,125 ಅಡಿ ಸಾಗುತ್ತದೆ, ಅಂದರೆ ಒಂದಡಿಗೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡು. ರಿಸೀವರಿನ ಜೊತೆ ಬರುವ ಪುಟ್ಟ ಮೈಕನ್ನು ಸೋಫಾದ ಮೇಲೆ ಕಿವಿಯ ಎತ್ತರಕ್ಕೆ ಇಟ್ಟರೆ ಅದು ಪ್ರತಿ ಸ್ಪೀಕರಿನ ದೂರ, ಸದ್ದು ಅಳೆದು ಹತ್ತಿರದವನ್ನು ಅಷ್ಟು ಹೊತ್ತು ತಡೆದು ಎಲ್ಲವೂ ಒಟ್ಟಿಗೆ ಬರುವಂತೆ ಮಾಡುತ್ತದೆ. ಆ ಪರೀಕ್ಷೆ ನಡೆಯುವಾಗ ಫ್ರಿಜ್ಜಿನ ಸದ್ದೂ ಇರದಿದ್ದರೆ ಒಳ್ಳೆಯದು. ಕುಕ್ಕರ್ ಕೂಗಿದರಂತೂ ಮೊದಲಿಂದ ಶುರು.

ತಂತಿ ಹದಿನಾರು ಗೇಜಿನದು ಸಾಕು. ಗೋಡೆಯೊಳಗೆ ಹಾಯಿಸುವುದಾದರೆ ಅದರ ಮೇಲೆ ಸಿಎಲ್ 2 ಅಥವಾ ಸಿಎಲ್ 3 ಎಂಬ ಗುರುತಿರಬೇಕು. ಬೆಂಕಿಯ ಭಯಕ್ಕೆ ಮಾಡಿದ ನಿಯಮವದು. ಇನ್ನೊಂದು ಮಾತು ನಮ್ಮ ಪ್ರದೇಶದವರಿಗೆ ವಿಶೇಷವಾಗಿ. 1868ರಲ್ಲಿ ಅಲುಗಿದ ಹೇವರ್ಡ್ ಬಿರುಕು ನಮ್ಮ ಪಕ್ಕದ ಫ್ರೀಮಾಂಟಿನಲ್ಲೇ ಹಾದುಹೋಗುತ್ತದೆ. 1989ರ ಅಕ್ಟೋಬರ್ 17ರ ಸಂಜೆಯನ್ನು ನೆನೆಯುವ ಹಿರಿಯ ಸದಸ್ಯರು ನಮ್ಮಲ್ಲಿ ಇನ್ನೂ ಇದ್ದಾರೆ. ಗೋಡೆಯ ಸ್ಪೀಕರುಗಳನ್ನು ಬರೀ ಜಿಪ್ಸಂ ಹಲಗೆಗೆ ಮೊಳೆ ಹೊಡೆದು ತೂಗುಹಾಕಬೇಡಿ. ಹದಿನಾರು ಇಂಚಿಗೊಂದರಂತೆ ಒಳಗಿರುವ ಮರದ ಕಂಬ ಹುಡುಕಿ ಸ್ಕ್ರೂ ಬಿಗಿಯಿರಿ. ಟಿವಿಗೂ ಪಟ್ಟಿ ಕಟ್ಟಿ. ಕೆಳಗೆ ಕೂರುವವರು ನಮ್ಮ ಹೆತ್ತವರು, ಮಕ್ಕಳು.

ಸಬ್‌ವೂಫರ್ ದೀಪಾವಳಿಗೆ ಬಂತು. 80 ಹರ್ಟ್ಸ್‌ಗಿಂತ ತಗ್ಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಸುಲಭವಾಗಿ ತಿಳಿಯದು. ಆದ್ದರಿಂದ ಅದನ್ನು ಎಲ್ಲಿ ಬೇಕಾದರೂ ಇಡಬಹುದು, ಆದರೆ ಕೋಣೆಯ ಗೋಡೆಗಳ ಅಂತರದಿಂದಾಗಿ ಒಂದೆಡೆ ಗುಂಯ್ಗುಟ್ಟಿ ಇನ್ನೊಂದೆಡೆ ಮಾಯವಾಗುತ್ತದೆ. ಸರಿಯಾದ ಜಾಗ ಹುಡುಕುವ ಉಪಾಯ ಬಲು ಮೋಜಿನದು: ಸಬ್‌ವೂಫರನ್ನೇ ಸೋಫಾದ ಮೇಲೆ ಕೂರಿಸಿ, ಮೃದಂಗವೋ ಡೋಲೋ ಇರುವ ಹಾಡು ಹಾಕಿ, ನಾವು ನೆಲದ ಮೇಲೆ ಅಂಬೆಗಾಲಿಡುತ್ತ ಗೋಡೆಯುದ್ದಕ್ಕೂ ಹೋಗುವುದು. ಎಲ್ಲಿ ಏಟು ಬಿಡಿಬಿಡಿಯಾಗಿ ಕೇಳುವುದೋ ಅಲ್ಲಿ ಅದನ್ನು ಇಡುವುದು. ಐವತ್ತು ದಾಟಿದ ದಂಪತಿಗಳಿಬ್ಬರು ಹೀಗೆ ಮಂಡಿಯೂರಿ ಸುತ್ತುವುದನ್ನು ನೋಡಿ ಅಮ್ಮ "ಓಲೆ ಏನಾದ್ರೂ ಬಿದ್ದೋಯ್ತೇನೋ?" ಎಂದು ತಾವೂ ಸೋಫಾದ ಕೆಳಗೆ ಹುಡುಕತೊಡಗಿದರು.

ಕಡೆಯದಾಗಿ, ಅಮ್ಮನಿಗೆಂದೇ ಮಾಡಿದ ನಾಲ್ಕು ಹೊಂದಿಕೆಗಳು. ನಡುವಿನ ಸ್ಪೀಕರಿನ ಸದ್ದನ್ನು ಉಳಿದವಕ್ಕಿಂತ ನಾಲ್ಕು ಡೆಸಿಬೆಲ್ ಏರಿಸಿದೆವು. ಸಬ್‌ವೂಫರ್ ಇಳಿಸಿದೆವು, ಏಕೆಂದರೆ ತಗ್ಗು ಸದ್ದು ಮಾತಿನ ಮೇಲೆ ಕಂಬಳಿ ಹೊದೆಸುತ್ತದೆ. ರಾತ್ರಿಯ ಬಳಕೆಗೆಂದು ರಿಸೀವರಿನಲ್ಲಿರುವ ನೈಟ್ ಮೋಡ್ ಹಾಕಿದೆವು; ಅದು ಪಿಸುಮಾತನ್ನು ಎತ್ತಿ ಅಬ್ಬರವನ್ನು ತಗ್ಗಿಸುತ್ತದೆ. ನಾಲ್ಕನೆಯದಕ್ಕೆ ವಿದ್ಯುತ್ತೇ ಬೇಡ: ಬರಿ ನೆಲದ ಮೇಲೆ ಊರಿನ ಜಮಖಾನ, ಅದು ತೆಳುವಾದ್ದರಿಂದ ಕೆಳಗೆ ದಪ್ಪ ಪ್ಯಾಡು, ಹಿತ್ತಿಲ ಗಾಜಿನ ಬಾಗಿಲಿಗೆ ಭಾರವಾದ ಪರದೆ. ಕೋಣೆಯ ಮರುದನಿ ಇದರಿಂದ ಇಳಿದಷ್ಟು ಬೇರೆ ಯಾವುದರಿಂದಲೂ ಇಳಿಯಲಿಲ್ಲ. ಕಾಸಿಲ್ಲದವರು ಇದನ್ನೇ ಮೊದಲು ಮಾಡಿ ನೋಡಬಹುದು.

ಎಲ್ಲವೂ ಸರಿಹೋಯಿತೆಂದು ಹೇಳಲಾರೆವು. ಕಿವಿ ಕಳೆದುಕೊಂಡದ್ದನ್ನು ಪೆಟ್ಟಿಗೆ ತಂದುಕೊಡುವುದಿಲ್ಲ. ಈಚಿನ ಚಿತ್ರಗಳಲ್ಲಿ ಸಂಗೀತದ ನಡುವೆ ಓಡುವ ಮಾತುಗಳು ಈಗಲೂ ಅಮ್ಮನಿಗೆ ತಪ್ಪುತ್ತವೆ. "ಕಾಂತಾರ" (2022) ನೋಡಿದಾಗ ಮಕ್ಕಳಿಗೆ ಕಾಡೆಲ್ಲ ಸುತ್ತ ಮೊಳಗಿದ ಸಂತೋಷ. ಅಮ್ಮನಿಗೆ ಅರ್ಧ ಮಾತು ಸಿಕ್ಕಿತು. ಉಳಿದರ್ಧ ಕರಾವಳಿಯ ಕನ್ನಡವಾದ್ದರಿಂದ ತಿಪಟೂರಿಗೆ ತಿಳಿಯಲಿಲ್ಲ ಎಂದು ಅವರ ಸಮಜಾಯಿಷಿ! ಆದರೆ "ಗುರು ಶಿಷ್ಯರು" ಹಾಕಿದ ಶನಿವಾರ, ಆ ದಡ್ಡ ಶಿಷ್ಯರ ಮಾತಿಗೆ ಅಮ್ಮ ನಮಗಿಂತ ಮೊದಲು ನಕ್ಕರು. ಯಾರ ಮುಖವನ್ನೂ ನೋಡಲಿಲ್ಲ. ಮಗಳು "ಏನಂದ ಅಜ್ಜಿ?" ಎಂದು ಕೇಳಿದಳು. ಚಿತ್ರವನ್ನು ನಿಲ್ಲಿಸಿ ಹತ್ತು ನಿಮಿಷ ವಿವರಣೆ ನಡೆಯಿತು, ಮೂರು ಗಾದೆಗಳ ಸಮೇತ.

ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆಂದು ಬರುವ ಮನೆಗಳು ನಮ್ಮ ಕೂಟದಲ್ಲಿ ಬಹಳ. ಹಗಲೆಲ್ಲ ನಾವು ಕೆಲಸಕ್ಕೆ, ಮಕ್ಕಳು ಶಾಲೆಗೆ. ಅವರ ಜೊತೆಗಿರುವುದು ಟಿವಿಯೊಂದೇ. "ನಿದ್ದೆ ಬರ್ತಿದೆ" ಎಂದು ಅವರು ಬೇಗ ಎದ್ದುಹೋಗುತ್ತಿದ್ದರೆ ಒಮ್ಮೆ ಕಿವಿಯ ಪರೀಕ್ಷೆ ಮಾಡಿಸಿ. ಹೋಮ್ ಥಿಯೇಟರು ಕೊಳ್ಳುವ ಯೋಚನೆಯಿದ್ದರೆ ಮೊದಲು ಅವರ ಕುರ್ಚಿಯ ಜಾಗ ಗೊತ್ತುಮಾಡಿ, ಆಮೇಲೆ ಸ್ಪೀಕರುಗಳಿಗೆ ಜಾಗ ಹುಡುಕಿ. ಕೇಳಿ ನೋಡಬೇಕೆನಿಸಿದವರು ಮನೆಯ ಹಿರಿಯರನ್ನೂ ಅವರಿಗೆ ಪ್ರಿಯವಾದ ಒಂದು ಚಿತ್ರವನ್ನೂ ಕರೆದುಕೊಂಡು ಯಾವ ಶನಿವಾರವಾದರೂ ನೆವಾರ್ಕಿಗೆ ಬನ್ನಿ. ಫಿಲ್ಟರ್ ಕಾಫಿ ನಮ್ಮದು, ಗಾದೆಗಳು ಅಮ್ಮನವು.